ಉತ್ತರಕ್ಕೆ ಹೋದರೆ ಯಾವ ಕೋಣೆ?

ಡೊಂಬಿವಲಿಗೆ ಬಂದು ಮೂವತ್ತು ವರ್ಷದ ಮೇಲಾಯಿತು. ಇಷ್ಟು ವರ್ಷದಲ್ಲಿ ನಾನು ಹೊಸದಾಗಿ ಕಲಿತ ಭಾಷೆಗಳು ಎರಡು. ಒಂದು ಮರಾಠಿ. ಅದು ಲೋಕಲ್ ಗಾಡಿಯಲ್ಲಿ ನಿಂತು ನಿಂತೇ ಬಂದುಬಿಟ್ಟಿತು. ಇನ್ನೊಂದು ಪೈಥಾನ್. ಅದಕ್ಕೆ ಮಾತ್ರ ಮಗಳ ಕೈಯಲ್ಲಿ ಬೈಸಿಕೊಳ್ಳಬೇಕಾಯಿತು!

ನಾನು ಓದಿದ್ದು ಬಿ.ಕಾಂ. ಬ್ಯಾಂಕಿಗೆ ಸೇರಿದಾಗ ನಮ್ಮ ಬ್ರಾಂಚಿನಲ್ಲಿ ಎರಡು ಕೈಯಲ್ಲಿ ಎತ್ತಬೇಕಾದಷ್ಟು ಭಾರದ ಲೆಡ್ಜರುಗಳಿದ್ದವು. ಆಮೇಲೆ ಲೆಡ್ಜರ್ ಪೋಸ್ಟಿಂಗ್ ಯಂತ್ರ ಬಂತು, ಅದಾದ ಮೇಲೆ ಕೋರ್ ಬ್ಯಾಂಕಿಂಗ್ ಬಂತು. ಕಂಪ್ಯೂಟರಿನ ಮುಂದೆ ಕೂತೇ ಅರ್ಧ ಆಯುಷ್ಯ ಕಳೆಯಿತು. ಆದರೆ ಅದರೊಳಗೆ ಲೆಕ್ಕ ಹೇಗೆ ಕೂತಿರುತ್ತದೆ ಎಂದು ಒಮ್ಮೆಯೂ ಇಣುಕಿ ನೋಡಿದವನಲ್ಲ.

ಮಗಳು ಇಂಜಿನಿಯರಿಂಗ್ ಸೇರಿದ ಮೇಲೆ ಒಂದು ರಾತ್ರಿ ಅವಳ ಪಕ್ಕದಲ್ಲಿ ಸುಮ್ಮನೆ ಕೂತಿದ್ದೆ. ಕಾಲೇಜಿನಲ್ಲಿ ಒಂದು ಆಟ ಬರೆಯಲು ಕೊಟ್ಟಿದ್ದರು. ಚಿತ್ರ ಇಲ್ಲ, ಸದ್ದು ಇಲ್ಲ, ಬರೀ ಮಾತು. ನೀವು ಎಲ್ಲಿ ನಿಂತಿದ್ದೀರಿ, ಸುತ್ತ ಏನಿದೆ ಎಂದು ಕಂಪ್ಯೂಟರ್ ಬರೆದು ತೋರಿಸುತ್ತದೆ. ನೀವು 'ಉತ್ತರ' ಎಂದು ಟೈಪ್ ಮಾಡಿದರೆ ಮುಂದಿನ ಜಾಗಕ್ಕೆ ಹೋಗುತ್ತೀರಿ. 'ದೀಪ ತಗೋ' ಎಂದರೆ ದೀಪ ಕೈಗೆ ಬರುತ್ತದೆ. ಟೆಕ್ಸ್ಟ್ ಅಡ್ವೆಂಚರ್ ಎಂದು ಅದರ ಹೆಸರು. ಮಗಳು 'ರೂಮ್' ಎಂದೊಂದು ಕ್ಲಾಸ್ ಬರೆದು, ಅದರಿಂದ ಹತ್ತು ರೂಮು ಮಾಡಿ, ಒಂದಕ್ಕೊಂದು ಜೋಡಿಸುತ್ತಿದ್ದಳು.

"ರೂಮಿನ ಗ್ವಾಡಿ ಎಲ್ಲಿ ಬರದೀ?" ಅಂತ ಕೇಳಿದೆ.

"ಗ್ವಾಡಿ ಬ್ಯಾಡಪ್ಪಾ. ಹೆಸರು, ವರ್ಣನೆ, ಯಾವ ದಿಕ್ಕಿಗೆ ಹೋದ್ರ ಯಾವ ರೂಮು ಬರ್ತದ. ಇಷ್ಟ ಸಾಕು."

ಗೋಡೆಯಿಲ್ಲದ ಕೋಣೆ! ಮುಂಬಯಿಯಲ್ಲಿ ಚದರಡಿ ಲೆಕ್ಕದಲ್ಲಿ ಮನೆ ಸಾಲ ಮಂಜೂರು ಮಾಡಿದ ನನಗೆ ಇದು ವಿಚಿತ್ರವಾಗಿ ಕಂಡಿತು. ಒಂದು ಕೋಣೆಯನ್ನು ಹೀಗೆ ಬರೀ ದಾಖಲೆಯಾಗಿ ಬರೆಯಬಹುದು ಎಂದು ಮೊದಲು ಹೊಳೆದದ್ದು ಯಾರಿಗೆ? ಆ ಪ್ರಶ್ನೆಯ ಬೆನ್ನು ಹತ್ತಿ ಹೋದದ್ದು ಈ ಬರಹ. ಸ್ವಲ್ಪ ಉದ್ದ ಇದೆ. ಚಹಾ ಇಟ್ಟುಕೊಂಡು ಓದಿ.

* * *

ಮೊದಲನೆಯದು ಒಂದು ಗವಿ

ಅಮೆರಿಕದ ಕೆಂಟಕಿ ರಾಜ್ಯದಲ್ಲಿ ಮ್ಯಾಮತ್ ಕೇವ್ ಎಂಬ ಸುಣ್ಣಕಲ್ಲಿನ ಗವಿ ಇದೆ. ಜಗತ್ತಿನಲ್ಲೇ ಅತಿ ಉದ್ದದ ಗವಿ. ಇದುವರೆಗೆ ಅಳೆದಿರುವ ಉದ್ದವೇ 420 ಮೈಲಿಗಿಂತ ಹೆಚ್ಚು. ಅಂದರೆ ನಮ್ಮ ಮುಂಬಯಿಯಿಂದ ಧಾರವಾಡಕ್ಕೆ ಹೋಗಿ ಇನ್ನೂ ಮುಂದಕ್ಕೆ ಹೋದ ಹಾಗೆ, ಅದೂ ನೆಲದ ಕೆಳಗೆ!

ಈ ಗವಿಯ ಹಳೆಯ ಒಳ್ಳೆಯ ನಕ್ಷೆಗಳಲ್ಲೊಂದನ್ನು ಬರೆದವನು ಸ್ಟೀಫನ್ ಬಿಷಪ್. ಅವನು ಗುಲಾಮ. 1838ರಲ್ಲಿ ಅವನ ಒಡೆಯ ಗವಿಯನ್ನು ಕೊಂಡು, ಪ್ರವಾಸಿಗಳಿಗೆ ದಾರಿ ತೋರಿಸಲು ಇವನನ್ನು ಅಲ್ಲಿಗೆ ಹಚ್ಚಿದ. ದೀಪ ಹಿಡಿದು ಯಾರೂ ಹೋಗದ ಸಂದುಗಳಲ್ಲೆಲ್ಲ ಬಿಷಪ್ ನುಗ್ಗಿದ. ತಳವೇ ಇಲ್ಲವೆಂದು ಜನ ಹೆದರುತ್ತಿದ್ದ ಹೊಂಡವನ್ನು ದಾಟಿ ಆಚೆ ಕಡೆಯ ಗವಿಯನ್ನು ಕಂಡುಹಿಡಿದ. 1842ರಲ್ಲಿ, ಗವಿಯಿಂದ ದೂರದಲ್ಲಿ ಹೊಸ ಒಡೆಯನ ಮನೆಯಲ್ಲಿ ಕೂತು, ನೆನಪಿನಿಂದಲೇ ಇಡೀ ಗವಿಯ ನಕ್ಷೆ ಬರೆದ. 1845ರಲ್ಲಿ ಅದು ಒಂದು ಪುಸ್ತಕದಲ್ಲಿ ಅಚ್ಚಾಯಿತು. ಬಿಷಪ್‌ಗೆ ಬಿಡುಗಡೆ ಸಿಕ್ಕಿದ್ದು 1856ರಲ್ಲಿ. ಮರುವರ್ಷವೇ ತೀರಿಕೊಂಡ.

ಅವನನ್ನು ಇಲ್ಲಿ ನೆನೆಯಲು ಕಾರಣ ಇದೆ. ಗವಿಯ ನಕ್ಷೆಗೆ ಅಳತೆ ಮುಖ್ಯವೇ. ಆದರೆ ಒಳಗೆ ಹೋದವನಿಗೆ ಅದಕ್ಕಿಂತ ಮುಖ್ಯವಾದದ್ದು ಯಾವ ಸಂದು ಯಾವ ಕಡೆಗೆ ತೆರೆದುಕೊಳ್ಳುತ್ತದೆ ಎಂಬುದು. ಜೀವ ಉಳಿಯುವುದು ಆ ಮಾಹಿತಿಯ ಮೇಲೆ.

ಈಗ 130 ವರ್ಷ ಮುಂದಕ್ಕೆ ಬನ್ನಿ. ವಿಲ್ ಕ್ರೌದರ್ ಎಂಬ ಪ್ರೋಗ್ರಾಮರ್ ಬೋಲ್ಟ್ ಬೆರಾನೆಕ್ ಅಂಡ್ ನ್ಯೂಮನ್ ಎಂಬ ಕಂಪನಿಯಲ್ಲಿದ್ದ. ಇಂದಿನ ಇಂಟರ್ನೆಟ್ಟಿನ ಹಿರಿಯಜ್ಜನಾದ ಆರ್ಪಾನೆಟ್‌ಗೆ ಪ್ರೋಗ್ರಾಂ ಬರೆದವರಲ್ಲಿ ಅವನೂ ಒಬ್ಬ. ರಜೆ ಸಿಕ್ಕರೆ ಗವಿ. ಹೆಂಡತಿ ಪೆಟ್ರೀಷಿಯಾ ಅವನಿಗಿಂತ ಒಂದು ಕೈ ಮೇಲು. ಗವಿಯಲ್ಲಿ ಅಳೆದು ತಂದ ಅಂಕಿಗಳನ್ನು ಕಂಪ್ಯೂಟರಿಗೆ ಹಾಕಿ ನಕ್ಷೆ ತೆಗೆಯುವ ಕೆಲಸವನ್ನು ಗಂಡ ಹೆಂಡತಿ ಇಬ್ಬರೂ ಕೂಡಿ ಮಾಡುತ್ತಿದ್ದರು. 1972ರ ಸೆಪ್ಟೆಂಬರ್ 9ರಂದು ಆರು ಜನರ ತಂಡವೊಂದು ಪಕ್ಕದ ಫ್ಲಿಂಟ್ ರಿಜ್ ಗವಿಯಿಂದ ಹೊರಟು, ಎದೆಮಟ್ಟದ ತಣ್ಣೀರಿನಲ್ಲಿ ನಡೆದು, ಮ್ಯಾಮತ್ ಕೇವ್‌ನಲ್ಲಿ ಎದ್ದಿತು. ಎರಡೂ ಒಂದೇ ಗವಿ ಎಂದು ಅಂದು ಸಿದ್ಧವಾಯಿತು. ಆ ಆರು ಜನರಲ್ಲಿ ಪೆಟ್ರೀಷಿಯಾ ಒಬ್ಬಳು.

ಆಮೇಲೆ ಅವರ ಸಂಸಾರ ಮುರಿಯಿತು. ಗವಿಯ ಗೆಳೆಯರೆಲ್ಲ ಇಬ್ಬರಿಗೂ ಗೆಳೆಯರು. ಹಾಗಾಗಿ ಕ್ರೌದರ್ ಗವಿಗೆ ಹೋಗುವುದನ್ನೇ ಬಿಟ್ಟ. ಇಬ್ಬರು ಹೆಣ್ಣುಮಕ್ಕಳು ರಜೆಗೆ ಅಪ್ಪನ ಹತ್ತಿರ ಬರುತ್ತಿದ್ದರು. ಅವರಿಗೆ ಆಡಲೆಂದು 1975-76ರ ಸುಮಾರಿಗೆ ಪಿಡಿಪಿ-10 ಕಂಪ್ಯೂಟರಿನಲ್ಲಿ ಫೋರ್ಟ್ರಾನ್ ಭಾಷೆಯಲ್ಲಿ ಒಂದು ಆಟ ಬರೆದ. ಅದೇ ಜಗತ್ತಿನ ಮೊದಲ ಟೆಕ್ಸ್ಟ್ ಅಡ್ವೆಂಚರ್ ಎಂದು ಹೆಸರಾದ 'ಅಡ್ವೆಂಚರ್'. 'ಕೊಲಾಸಲ್ ಕೇವ್' ಎಂದೂ ಕರೆಯುತ್ತಾರೆ. ಮಾಟದ ಮಾತು, ಕೊಡಲಿ ಎಸೆಯುವ ಕುಳ್ಳರು ಎಲ್ಲ ಇದ್ದರೂ ನೆಲಗಟ್ಟು ಮಾತ್ರ ನಿಜವಾದದ್ದು. ಮ್ಯಾಮತ್ ಗವಿಯ ಕೂಟಕ್ಕೇ ಸೇರಿದ, ಬೆಡ್‌ಕ್ವಿಲ್ಟ್ ಎಂಬ ಭಾಗದ ಸಂದುಗೊಂದುಗಳು.

ತಾನು ಇನ್ನು ಮೇಲೆ ಕಾಲಿಡದ ಜಾಗವನ್ನು ಆ ಮನುಷ್ಯ ಮಕ್ಕಳಿಗಾಗಿ ಬರೆದಿಟ್ಟ. ಇದನ್ನು ಓದಿದ ದಿನ ನನಗೆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಯಾಕೆ ಎಂದು ಆಮೇಲೆ ಹೇಳುತ್ತೇನೆ.

* * *

ಎರಡನೆಯದು ಒಂದು ಲೆಡ್ಜರ್

ಕ್ರೌದರ್‌ನ ಆಟದಲ್ಲಿದ್ದದ್ದು 78 ಜಾಗ. ಸ್ಟ್ಯಾನ್‌ಫರ್ಡ್‌ನಲ್ಲಿ ಓದುತ್ತಿದ್ದ ಡಾನ್ ವುಡ್ಸ್ ಎಂಬಾತನ ಕಣ್ಣಿಗೆ ಇದು ಬಿತ್ತು. ಬರೆದವನ ವಿಳಾಸ ಗೊತ್ತಿಲ್ಲ. ಆಗ ಆರ್ಪಾನೆಟ್‌ನಲ್ಲಿದ್ದ ಕಂಪ್ಯೂಟರುಗಳೇ ಕಡಿಮೆ. ಒಂದೊಂದಕ್ಕೂ 'ಕ್ರೌದರ್' ಎಂಬ ಹೆಸರಿಗೆ ಪತ್ರ ಕಳಿಸಿಬಿಟ್ಟ! ಒಂದು ತಲುಪಿತು, ಅನುಮತಿಯೂ ಸಿಕ್ಕಿತು. 1977ರಲ್ಲಿ ವುಡ್ಸ್ ಬೆಳೆಸಿದ ಆಟದಲ್ಲಿ 140 ಜಾಗಗಳಿದ್ದವು. ಜಗತ್ತು ಆಡಿದ್ದು ಹೆಚ್ಚಾಗಿ ಅದನ್ನೇ. (ಅದರಲ್ಲಿ ಗವಿಗೂ ಬಾಗಿಲು ತೆರೆಯುವ ವೇಳೆ ಇತ್ತು. ಕೆಲಸದ ದಿನ ಹಗಲು ಹೊತ್ತು ಗವಿ ಬಂದ್. ಕಂಪ್ಯೂಟರನ್ನು ಆಟಕ್ಕೇ ಸವೆಸಬಾರದು ನೋಡಿ. ನಮ್ಮ ಕೌಂಟರಿಗಿಂತ ಕಟ್ಟುನಿಟ್ಟು!)

ಆ 140 ಕೋಣೆಗಳು ಕಂಪ್ಯೂಟರಿನಲ್ಲಿ ಹೇಗಿದ್ದವು? ಇಲ್ಲಿಗೆ ಬಂದಾಗ ನನಗೆ ನನ್ನ ಹಳೆಯ ಬ್ರಾಂಚಿಗೆ ಹೋದಂತಾಯಿತು. ಏಕೆಂದರೆ ಅದು ಸಾಕ್ಷಾತ್ ಲೆಡ್ಜರ್!

ಪ್ರತಿ ಜಾಗಕ್ಕೂ ಒಂದು ನಂಬರು, ನಮ್ಮ ಫೋಲಿಯೋ ನಂಬರಿನ ಹಾಗೆ. ಉದ್ದ ವರ್ಣನೆಗಳು ಒಂದು ಭಾಗದಲ್ಲಿ, ಚಿಕ್ಕ ವರ್ಣನೆಗಳು ಇನ್ನೊಂದು ಭಾಗದಲ್ಲಿ. ಮೂರನೆಯ ಭಾಗದಲ್ಲಿ ಓಡಾಟದ ಪಟ್ಟಿ. ಅದರ ಒಂದು ಸಾಲು ಹೀಗಿದೆ: 1, 3, 3, 12, 19, 43. ಮೊದಲ ಅಂಕಿ ನೀವು ಈಗಿರುವ ಜಾಗ. ಎರಡನೆಯದು ಹೋಗಬೇಕಾದ ಜಾಗ. ಉಳಿದವು ಪದಗಳ ನಂಬರು: 'ಒಳಹೋಗು', 'ಕಟ್ಟಡ', 'ಒಳಗೆ', 'ಪೂರ್ವ'. ಅಂದರೆ 1ನೆಯ ಜಾಗವಾದ ರಸ್ತೆಯ ಕೊನೆಯಲ್ಲಿ ನಿಂತು ಈ ನಾಲ್ಕರಲ್ಲಿ ಯಾವ ಮಾತು ಹೇಳಿದರೂ ನೀವು 3ನೆಯ ಜಾಗವಾದ ಇಟ್ಟಿಗೆ ಕಟ್ಟಡದ ಒಳಗೆ. ಅಷ್ಟೇ. ಕೋಣೆಯೆಂದರೆ ಒಂದು ನಂಬರು, ಬಾಗಿಲೆಂದರೆ ಒಂದು ಸಾಲು.

ಇನ್ನೂ ಒಂದು ಚಮತ್ಕಾರ ಇದೆ. ಕಾಡಿನಲ್ಲಿರುವ 5ನೆಯ ಜಾಗದ ಒಂದು ಸಾಲಿನಲ್ಲಿ ಹೋಗಬೇಕಾದ ಜಾಗ 50005 ಎಂದಿದೆ. 140 ಜಾಗವಿರುವ ಆಟದಲ್ಲಿ ಐವತ್ತು ಸಾವಿರದ ಐದನೆಯ ಜಾಗ ಎಲ್ಲಿಂದ ಬಂತು? ಅದನ್ನು ಸಾವಿರದಿಂದ ಭಾಗಿಸಬೇಕು. ಭಾಗಲಬ್ಧ 50, ಶೇಷ 5. ಅರ್ಥ: ನೂರಕ್ಕೆ ಐವತ್ತು ಸಲ ಅದೇ 5ನೆಯ ಜಾಗದಲ್ಲೇ ಇರು, ಇಲ್ಲವಾದರೆ ಮುಂದಿನ ಸಾಲು ನೋಡು. ಕಾಡಿನಲ್ಲಿ ದಾರಿ ತಪ್ಪಿ ತಿರುಗುವುದನ್ನು ಒಂದು ಅಂಕಿಯಲ್ಲಿ ಅಡಗಿಸಿದ್ದಾರೆ! ಭಾಗಲಬ್ಧ ನೂರನ್ನು ದಾಟಿದರೆ ಇಂಥ ವಸ್ತು ಕೈಯಲ್ಲಿರಬೇಕು ಎಂಬಂಥ ಷರತ್ತುಗಳು ಬರುತ್ತವೆ. ನಮ್ಮ ಖಾತೆ ನಂಬರಿನಲ್ಲಿ ಬ್ರಾಂಚು, ಖಾತೆಯ ಬಗೆ ಎಲ್ಲ ಅಡಗಿರುತ್ತಿದ್ದವಲ್ಲ, ಅದೇ ಬುದ್ಧಿ.

ಈ ಪಟ್ಟಿಯಲ್ಲಿ ನನ್ನ ಬ್ಯಾಂಕ್ ಕಣ್ಣಿಗೆ ಕಸದಂತೆ ಚುಚ್ಚಿದ್ದು ಒಂದು. ಹೋಗುವ ದಾರಿಗೆ ಒಂದು ಸಾಲು, ಬರುವ ದಾರಿಗೆ ಬೇರೆ ಸಾಲು. ಬರುವ ಸಾಲು ಇರಲೇಬೇಕೆಂದಿಲ್ಲ! ಉತ್ತರಕ್ಕೆ ಹೋದವನು ದಕ್ಷಿಣಕ್ಕೆ ತಿರುಗಿದರೆ ಹೊರಟ ಜಾಗಕ್ಕೇ ಬರುತ್ತಾನೆಂಬ ಭರವಸೆ ಇಲ್ಲ. ಡೆಬಿಟ್ ಇದ್ದಲ್ಲಿ ಕ್ರೆಡಿಟ್ ಇರಲೇಬೇಕು ಎಂದು ಜೀವನವಿಡೀ ನಂಬಿದವನಿಗೆ ಇದು ತಾಳೆಯಾಗದ ಲೆಕ್ಕ. ಸಮಯ ಸಾಲದೆ ಬರೆದಿರಬೇಕು ಎಂದುಕೊಂಡು ಮುಂದೆ ಹೋದೆ. ಅದು ನನ್ನ ತಪ್ಪು ಎಂದು ಗೊತ್ತಾಗಲು ಒಂದು ಫೋನ್ ಬರಬೇಕಾಯಿತು.

* * *

ಓಸ್ಲೋದಲ್ಲಿ ಒಂದು ಸೇತುವೆ

ಲೆಡ್ಜರಿನ ತೊಂದರೆ ನಮಗೆಲ್ಲ ಗೊತ್ತು. ಒಂದು ಕೋಣೆಯ ಹೆಸರು ಒಂದು ಪುಟದಲ್ಲಿ, ಬಾಗಿಲು ಇನ್ನೊಂದು ಪುಟದಲ್ಲಿ, ಒಳಗಿರುವ ವಸ್ತು ಮೂರನೆಯದರಲ್ಲಿ. ಒಬ್ಬ ಗಿರಾಕಿಯ ಸಹಿ ಒಂದು ಕಪಾಟಿನಲ್ಲಿ, ಬಾಕಿ ಇನ್ನೊಂದು ಕಪಾಟಿನಲ್ಲಿ ಇದ್ದ ಹಾಗೆ. ಎಲ್ಲವನ್ನೂ ಒಂದೇ ಫೈಲಿನಲ್ಲಿ ಕಟ್ಟಿಡುವಂತಿದ್ದರೆ?

ಆ ಉಪಾಯ ಕ್ರೌದರ್‌ಗಿಂತ ಮೊದಲೇ ನಾರ್ವೆಯಲ್ಲಿ ಹುಟ್ಟಿತ್ತು. ಓಸ್ಲೋದ ನಾರ್ವೇಜಿಯನ್ ಕಂಪ್ಯೂಟಿಂಗ್ ಸೆಂಟರಿನಲ್ಲಿ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನ್ಯುಗೋರ್ ಎಂಬಿಬ್ಬರು ಸಿಮ್ಯುಲಾ ಎಂಬ ಭಾಷೆ ಕಟ್ಟುತ್ತಿದ್ದರು. ಸರದಿಯಲ್ಲಿ ನಿಲ್ಲುವ ಜನ, ವಾಹನ, ಕಾರ್ಖಾನೆಯ ಕೆಲಸ ಇವುಗಳನ್ನು ಕಂಪ್ಯೂಟರಿನಲ್ಲಿ ನಡೆಸಿ ನೋಡುವುದು ಅದರ ಉದ್ದೇಶ. ಅವರ ತಲೆಯಲ್ಲಿದ್ದ ಉದಾಹರಣೆಗಳಲ್ಲಿ ಒಂದು ಸುಂಕದ ಕಟ್ಟೆಯಿರುವ ಸೇತುವೆ. ಅದರ ಮುಂದೆ ಲಾರಿ, ಬಸ್ಸುಗಳ ಸಾಲು. ಲಾರಿ ಬೇರೆ, ಬಸ್ಸು ಬೇರೆ. ಆದರೆ ಎರಡೂ ವಾಹನ, ಎರಡೂ ಸಾಲಿನಲ್ಲಿ ನಿಲ್ಲಬೇಕು. ಹಾಗಾದರೆ 'ವಾಹನ' ಎಂಬ ಸಾಮಾನ್ಯ ನಮೂನೆ ಒಂದಿರಲಿ, ಅದರ ಮೇಲೆ ಲಾರಿಯ ಗುಣ, ಬಸ್ಸಿನ ಗುಣ ಸೇರಿಸೋಣ ಎಂದರು. 1967ರ ಸಿಮ್ಯುಲಾದಲ್ಲಿ ಆ ನಮೂನೆಗೆ ಇಟ್ಟ ಹೆಸರು 'ಕ್ಲಾಸ್'. ಆ ನಮೂನೆಯಿಂದ ಹುಟ್ಟಿದ ಒಂದೊಂದಕ್ಕೂ 'ಆಬ್ಜೆಕ್ಟ್' ಎಂದು ಹೆಸರು. ಇದಕ್ಕಾಗಿ ಇಬ್ಬರಿಗೂ 2001ರ ಟ್ಯೂರಿಂಗ್ ಪ್ರಶಸ್ತಿ ಬಂತು. ಮರುವರ್ಷ, 2002ರಲ್ಲಿ, ಇಬ್ಬರೂ ಆರೇಳು ವಾರಗಳ ಅಂತರದಲ್ಲಿ ತೀರಿಕೊಂಡರು.

ಕ್ಲಾಸ್ ಎಂದರೆ ಖಾತೆ ತೆರೆಯುವ ಖಾಲಿ ಫಾರ್ಮು, ಆಬ್ಜೆಕ್ಟ್ ಎಂದರೆ ತುಂಬಿದ ಫಾರ್ಮು. ನನಗೆ ಅರ್ಥವಾದದ್ದು ಹೀಗೆ.

ಈ ಉಪಾಯ ಆಟಗಳಿಗೆ ನಿಧಾನವಾಗಿ ಇಳಿಯಿತು. 1977ರಲ್ಲಿ ಎಂಐಟಿಯ ನಾಲ್ವರು ಹುಡುಗರು ಅಡ್ವೆಂಚರ್ ಆಡಿ ಮುಗಿಸಿ, ಇದಕ್ಕಿಂತ ಚೆನ್ನಾಗಿ ನಾವೇ ಬರೆಯುತ್ತೇವೆ ಎಂದು 'ಜೋರ್ಕ್' ಶುರು ಮಾಡಿದರು. 1979ರಲ್ಲಿ ಇನ್ಫೋಕಾಮ್ ಕಂಪನಿ ಹುಟ್ಟಿತು. ಅವರ ಭಾಷೆಯಲ್ಲಿ ಒಂದು ಕೋಣೆಯ ಹೆಸರು, ವರ್ಣನೆ, ಬಾಗಿಲುಗಳು, ಅಲ್ಲಿ ನಡೆಯುವ ವಿಶೇಷ ಎಲ್ಲವನ್ನೂ ಒಂದೇ ಕಡೆ ಬರೆಯಬಹುದಿತ್ತು. ಇನ್ನೂ ತಮಾಷೆಯೆಂದರೆ, ಅವರ ಯಂತ್ರದ ಲೆಕ್ಕದಲ್ಲಿ ಕೋಣೆ, ದೀಪ, ಆಡುವವನು ಎಲ್ಲವೂ ಆಬ್ಜೆಕ್ಟೇ. ದೀಪ ಚೀಲದೊಳಗೆ, ಚೀಲ ನಿಮ್ಮೊಳಗೆ, ನೀವು ಕೋಣೆಯೊಳಗೆ! ಜೋರ್ಕ್‌ನ ಮನೆಯ ನಡುಕೋಣೆಯಲ್ಲಿ ಕಂಬಳಿಯ ಕೆಳಗೆ ಒಂದು ನೆಲಬಾಗಿಲಿದೆ. ಇಳಿದೊಡನೆ ಅದು ಮೇಲಿಂದ ಮುಚ್ಚಿಕೊಳ್ಳುತ್ತದೆ. ಮತ್ತೆ ಹೋಗುವುದುಂಟು, ಬರುವುದಿಲ್ಲ. ನಾನು ಆಗಲೇ ಎಚ್ಚರಾಗಬೇಕಿತ್ತು.

ಹಲವರು ಒಟ್ಟಿಗೆ ಆಡುವ ಇಂಥ ಆಟ 'ಮಡ್' ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ 1978ರಲ್ಲಿ ಶುರುವಾಯಿತು. 1989ರಲ್ಲಿ ಸ್ವೀಡನ್ನಿನ ಲಾರ್ಸ್ ಪೆನ್ಷೋ ಬರೆದ 'ಎಲ್‌ಪಿಮಡ್'ನಲ್ಲಿ ಒಂದೊಂದು ಕೋಣೆಯೂ ಒಂದೊಂದು ಕಡತ. 'ರೂಮ್' ಎಂಬ ಮೂಲ ನಮೂನೆಯ ಗುಣಗಳನ್ನು ಪಡೆದು, ಮೇಲೆ ತನ್ನದನ್ನು ಸೇರಿಸಿಕೊಳ್ಳುತ್ತಿತ್ತು. ಓಸ್ಲೋದ ಸೇತುವೆಯ ಲಾರಿ ಬಸ್ಸುಗಳು ಕೊನೆಗೂ ಕೋಣೆಗಳ ತನಕ ಬಂದವು! ಇದಾದ ಮರುವರ್ಷ, 1990ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ಪಾವೆಲ್ ಕರ್ಟಿಸ್ ಎಂಬಾತ 'ಲ್ಯಾಂಬ್ಡಾಮೂ' ಕಟ್ಟಿದ. ಅದರಲ್ಲಿ ಬಾಗಿಲು ಕೂಡ ಕೋಣೆಯಂತೆಯೇ ಒಂದು ಸ್ವತಂತ್ರ ಆಬ್ಜೆಕ್ಟ್. ಅವನು ಮೊದಲು ಕಟ್ಟಿದ ಜಾಗ ಯಾವುದು ಗೊತ್ತೇ? ತನ್ನದೇ ಮನೆಯ ನಮೂನೆ. ಹೊಸಬರು ಕಣ್ಣು ಬಿಡುವುದು ಕೋಟು ತೂಗುಹಾಕುವ ಕತ್ತಲೆ ಕಪಾಟಿನಲ್ಲಿ. ಬಾಗಿಲು ತೆರೆದು ಬಂದರೆ ಮನೆಯ ನಡುಕೋಣೆ.

ಗವಿಗೆ ಹೋಗದವನು ಗವಿ ಬರೆದ, ಮನೆಯಿದ್ದವನು ಮನೆ ಬರೆದ. ಹಾಗಾದರೆ ನಾನು?

* * *

ಇನ್ನು ನನ್ನ ಪಾಡು

ನಮ್ಮದು ಧಾರವಾಡದ ಕಡೆಯ ಊರು. ಅಪ್ಪ ತೀರಿಕೊಂಡ ಮೇಲೆ ಹಳೆಯ ಮನೆ ಮಾರಿದೆವು. ಈಗ ಅಲ್ಲಿ ಅಂಗಡಿ ಸಾಲಿದೆ. ಮಾರುವ ಹೊತ್ತಿನಲ್ಲಿ ನನಗೂ ಅಣ್ಣನಿಗೂ ಮಾತು ಬೆಳೆಯಿತು. ಯಾರದು ತಪ್ಪು ಎಂದು ಇಲ್ಲಿ ಬರೆಯುವುದಿಲ್ಲ. ಇಬ್ಬರೂ ಲೆಕ್ಕ ಬಲ್ಲವರು, ಅದೇ ತೊಂದರೆ. ಆಮೇಲೆ ಮದುವೆ ಮುಂಜಿಗಳಲ್ಲಿ ಸಿಕ್ಕಾಗ "ಆರಾಮ?" ಅಷ್ಟೇ. ಹದಿನಾಲ್ಕು ವರ್ಷ.

ಆ ಮನೆಯನ್ನು ಪೈಥಾನಿನಲ್ಲಿ ಬರೆಯೋಣ ಎಂದು ಕೂತೆ. ಈ ಪೈಥಾನ್ ಹಾವಿನದಲ್ಲ, ಮಾಂಟಿ ಪೈಥಾನ್ ಎಂಬ ಇಂಗ್ಲಿಷ್ ಹಾಸ್ಯತಂಡದ್ದು. ಹಾಲೆಂಡಿನ ಗೀಡೋ ವಾನ್ ರೋಸಮ್ 1989ರ ಕ್ರಿಸ್‌ಮಸ್ ರಜೆಯಲ್ಲಿ ಶುರು ಮಾಡಿ 1991ರ ಫೆಬ್ರವರಿಯಲ್ಲಿ ಹೊರಬಿಟ್ಟ. ಆ ಮೊದಲ ಆವೃತ್ತಿಯಲ್ಲೇ ಕ್ಲಾಸ್ ಇತ್ತು. 2008ರ ಡಿಸೆಂಬರಿನಲ್ಲಿ ಬಂದ ಪೈಥಾನ್ 3ರಿಂದ ಮುಂದೆ ಹೆಸರುಗಳನ್ನು ಕನ್ನಡ ಅಕ್ಷರದಲ್ಲೂ ಇಡಬಹುದು. ಹಾಗಾಗಿ ನನ್ನ ಕ್ಲಾಸಿನ ಹೆಸರು 'ಖೋಲಿ'. ಅದರಿಂದ ಹುಟ್ಟಿದವು ಪಡಸಾಲೆ, ನಡುಮನೆ, ಅಡಿಗೆಮನೆ, ಹಿತ್ತಲು, ಕೊಟ್ಟಿಗೆ, ಅಟ್ಟ. ಕಂಪ್ಯೂಟರ್ ತಕರಾರಿಲ್ಲದೆ ಒಪ್ಪಿಕೊಂಡಿತು! (ಒಂದು ಎಚ್ಚರಿಕೆ: 'ಖೋಲಿ' ಸರಿ, ಆದರೆ 'ರೂಮ್‌ಗಳು' ಎಂದರೆ ಒಪ್ಪುವುದಿಲ್ಲ. ಮ್ ಮತ್ತು ಗ ಒತ್ತಕ್ಷರವಾಗದಂತೆ ನಾವು ನಡುವೆ ಹಾಕುವ ಕಾಣದ ಚಿಹ್ನೆ ಅದಕ್ಕೆ ಆಗದು. ಒಂದು ಸಂಜೆ ಪೂರ್ತಿ ಇದಕ್ಕೇ ಹೋಯಿತು.)

ಖೋಲಿಗೆ ಮೂರು ಸಂಗತಿ: ಹೆಸರು, ವರ್ಣನೆ, ದಾರಿಗಳು. ದಾರಿಗಳಿಗೆ ಪೈಥಾನಿನ ಡಿಕ್ಷನರಿ ಸರಿಹೊಂದುತ್ತದೆ. ಎಡಗಡೆ ದಿಕ್ಕು, ಬಲಗಡೆ ಆ ದಿಕ್ಕಿಗೆ ಸಿಗುವ ಖೋಲಿ. ವುಡ್ಸ್‌ನ ಪಟ್ಟಿಯಲ್ಲಿ ಬಲಗಡೆ ನಂಬರಿತ್ತು, ಇಲ್ಲಿ ಸಾಕ್ಷಾತ್ ಖೋಲಿಯೇ ಇರುತ್ತದೆ. ಇದರಿಂದ ಒಂದು ಪೇಚೂ ಇದೆ. ಇನ್ನೂ ಹುಟ್ಟದ ಖೋಲಿಗೆ ದಾರಿ ಬರೆಯಲಾಗದು. ಹಾಗಾಗಿ ಮೊದಲು ಎಲ್ಲ ಖೋಲಿ ಹುಟ್ಟಿಸಿ, ಆಮೇಲೆ ಜೋಡಿಸಬೇಕು. ಖಾತೆಗಳು ಮೊದಲು, ಒಂದರಿಂದ ಒಂದಕ್ಕೆ ಹಣ ಹೋಗುವ ಸೂಚನೆ ಆಮೇಲೆ.

ಎಲ್ಲ ಬರೆದು ನಡೆಸಿದೆ. ಪಡಸಾಲೆಯಲ್ಲಿ ನಿಂತು 'ಉತ್ತರ' ಎಂದೆ. ನಡುಮನೆ ಬರಬೇಕು. ಹಿತ್ತಲಿಗೆ ಹೋಗಿ ಬಿದ್ದೆ. ಅಟ್ಟ ಹತ್ತಿ 'ಉತ್ತರ' ಎಂದೆ. ಹಿತ್ತಲು! ಕೊಟ್ಟಿಗೆಯಲ್ಲಿ ನಿಂತು 'ಉತ್ತರ' ಎಂದರೂ ಹಿತ್ತಲು! ಹಿತ್ತಲಿನಲ್ಲೇ ನಿಂತು 'ಉತ್ತರ' ಎಂದರೂ ಹಿತ್ತಲು!

"ಏನ್ರೀ ಇದು, ರಾತ್ರಿ ಹನ್ನೊಂದಾತು, ಹಿತ್ತಲಾ ಹಿತ್ತಲಾ ಅಂತೀರಲ್ಲ?" ಎಂದಳು ನನ್ನಾಕೆ.

ಮಗಳು ಬಂದು ನೋಡಿ ನಕ್ಕಳು. ದಾರಿಗಳ ಡಿಕ್ಷನರಿಯನ್ನು ನಾನು ಕ್ಲಾಸಿನ ಮೈಯಲ್ಲೇ ಬರೆದಿದ್ದೆ. ಹುಟ್ಟುವಾಗ ಒಂದೊಂದು ಖೋಲಿಗೂ ಬೇರೆ ಬೇರೆ ಡಿಕ್ಷನರಿ ಕೊಡಬೇಕಿತ್ತು. ಅದಕ್ಕಾಗಿಯೇ ಇರುವ, ಖೋಲಿ ಹುಟ್ಟುವಾಗ ಓಡುವ ಮೆಥಡ್ಡಿನ ಒಳಗೆ ಅದನ್ನು ಬರೆಯಬೇಕು. ನನ್ನದು ಎಲ್ಲ ಖೋಲಿಗಳಿಗೂ ಸೇರಿ ಒಂದೇ ಆಗಿತ್ತು. ಕೊನೆಗೆ ಬರೆದ 'ಉತ್ತರ' ಹಿಂದಿನದನ್ನೆಲ್ಲ ಅಳಿಸಿ ಕೂತಿತ್ತು. ಗಿರಾಕಿಯ ಫಾರ್ಮಿನಲ್ಲಿ ಬರೆಯುವುದನ್ನು ಖಾಲಿ ಫಾರ್ಮಿನ ಮೂಲಪ್ರತಿಯಲ್ಲೇ ಬರೆದ ಹಾಗೆ! ಊರಿನವರಿಗೆಲ್ಲ ಒಂದೇ ಬಾಕಿ!

ಅಡ್ವೆಂಚರ್ ಆಟದಲ್ಲಿ ಒಂದು ಹೆಸರಾಂತ ಚಕ್ರವ್ಯೂಹವಿದೆ. ಅದರ ಎಲ್ಲ ಜಾಗಗಳ ವರ್ಣನೆಯೂ ಅಕ್ಷರ ತಪ್ಪದೆ ಒಂದೇ. ಒಂದೊಂದು ಜಾಗದಲ್ಲಿ ಒಂದೊಂದು ವಸ್ತು ಬಿಟ್ಟು ಗುರುತು ಮಾಡಿಕೊಂಡರೆ ಮಾತ್ರ ಪಾರಾಗಬಹುದು. ಅವರು ಬೇಕೆಂದು ಮಾಡಿದ್ದನ್ನು ನಾನು ತಿಳಿಯದೆ ಮಾಡಿದ್ದೆ.

ತಪ್ಪು ತಿದ್ದಿದೆ. ಅದರ ಜೊತೆಗೆ ಬ್ಯಾಂಕಿನವನ ಬುದ್ಧಿ ಬಿಡದೆ ಒಂದು 'ಜೋಡಿಸು' ಮೆಥಡ್ ಬರೆದೆ. ಪಡಸಾಲೆಯ ಉತ್ತರಕ್ಕೆ ನಡುಮನೆ ಎಂದರೆ ಸಾಕು, ನಡುಮನೆಯ ದಕ್ಷಿಣಕ್ಕೆ ಪಡಸಾಲೆ ಎಂದು ತಾನೇ ಬರೆದುಕೊಳ್ಳುತ್ತದೆ. ಡಬಲ್ ಎಂಟ್ರಿ! ಕ್ರೌದರ್ ಸಾಹೇಬರು ಮಾಡದ್ದನ್ನು ನಾನು ಮಾಡಿದೆ ಎಂದು ಒಳಗೊಳಗೇ ಬೀಗಿದೆ.

ಆದರೆ ಒಂದು ಕಡೆ ಕೈ ನಿಂತಿತು. ಅಟ್ಟದ ಏಣಿ ಇದ್ದದ್ದು ನಡುಮನೆಯಲ್ಲೋ ಅಡಿಗೆಮನೆಯಲ್ಲೋ? ಎಷ್ಟು ಕಣ್ಣು ಮುಚ್ಚಿದರೂ ನೆನಪಾಗಲಿಲ್ಲ. ಕೇಳೋಣವೆಂದರೆ ಆ ಮನೆಯಲ್ಲಿ ಬೆಳೆದವರು ಭೂಮಿಯ ಮೇಲೆ ಇನ್ನೊಬ್ಬರೇ ಉಳಿದಿದ್ದಾರೆ.

* * *

ಅಷ್ಟರಲ್ಲಿ ಓದಿದ ಇನ್ನೊಂದು ಸಂಗತಿ ಹೇಳಿಬಿಡುತ್ತೇನೆ. ಕ್ರೌದರ್‌ನ ಮೂಲ ಪ್ರೋಗ್ರಾಂ ಕಳೆದೇಹೋಯಿತೆಂದು ಬಹಳ ವರ್ಷ ಎಲ್ಲರೂ ತಿಳಿದಿದ್ದರು. ವುಡ್ಸ್‌ನ ವಿದ್ಯಾರ್ಥಿ ದಿನಗಳ ಹಳೆಯ ಕಡತಗಳ ನಕಲಿನಲ್ಲಿ 2005ರಲ್ಲಿ ಅದು ಸಿಕ್ಕಿತು. ಡೆನಿಸ್ ಜೆರ್ಜ್ ಎಂಬ ಪ್ರಾಧ್ಯಾಪಕ ಅಷ್ಟಕ್ಕೇ ಬಿಡಲಿಲ್ಲ. ಗವಿ ಬಲ್ಲವರೊಡನೆ ಕೆಂಟಕಿಯ ಆ ಗವಿಗೇ ಇಳಿದು, ಆಟದ ವರ್ಣನೆಯನ್ನೂ ಕಲ್ಲನ್ನೂ ತಾಳೆ ನೋಡಿದ. 2007ರಲ್ಲಿ ಅದನ್ನು ಪ್ರಕಟಿಸಿದ. ಕ್ರೌದರ್ ಬರೆದ ದಾರಿಗಳು ನಿಜದ ಗವಿಗೆ ಬಹಳ ಮಟ್ಟಿಗೆ ಹೊಂದುತ್ತಿದ್ದವು. ಆಟ ಆಡಿ ಆಡಿ ಬಲ್ಲ ಹೆಣ್ಣುಮಗಳೊಬ್ಬಳು ಮೊದಲ ಸಲ ಅಲ್ಲಿಗೆ ಇಳಿದಾಗ ಯಾರ ಸಹಾಯವೂ ಇಲ್ಲದೆ ದಾರಿ ಹಿಡಿದು ನಡೆದಳು ಎಂದು ಗವಿಯ ಜನ ಬರೆದುಕೊಂಡಿದ್ದಾರೆ.

ಆ ಹಳೆಯ ಪಟ್ಟಿ ಇಂದಿಗೂ ಬದುಕಿದೆ. ಬ್ರ್ಯಾಂಡನ್ ರೋಡ್ಸ್ ಎಂಬ ಪ್ರೋಗ್ರಾಮರ್ ವುಡ್ಸ್‌ನ ಅದೇ ಅಂಕಿಗಳ ಕಡತವನ್ನು ಓದಿಕೊಂಡು ಆಟ ನಡೆಸುವ ಪೈಥಾನ್ ಪ್ರೋಗ್ರಾಂ ಬರೆದಿದ್ದಾನೆ. ಅದರಲ್ಲಿ 'ರೂಮ್' ಒಂದು ಕ್ಲಾಸ್, 'ಮೂವ್' ಇನ್ನೊಂದು ಕ್ಲಾಸ್. ಲೆಡ್ಜರಿನ ಸಾಲುಗಳು ಓದಿದಂತೆ ಓದಿದಂತೆ ಆಬ್ಜೆಕ್ಟುಗಳಾಗುತ್ತವೆ. ನಮ್ಮ ಬ್ರಾಂಚಿನ ಹಳೆಯ ಬಾಕಿಗಳನ್ನೆಲ್ಲ ಕೋರ್ ಬ್ಯಾಂಕಿಂಗ್‌ಗೆ ಏರಿಸಿದ ರಾತ್ರಿಗಳು ನೆನಪಾದವು.

ಇದನ್ನೆಲ್ಲ ಓದಿದ ಮೇಲೆ ಧೈರ್ಯ ಮಾಡಿ, ಬರೆದಷ್ಟನ್ನೂ ಕಾಗದಕ್ಕೆ ಇಳಿಸಿ, ಯಾವ ಖೋಲಿಯಿಂದ ಯಾವ ಖೋಲಿಗೆ ಎಂದು ಪಟ್ಟಿ ಮಾಡಿ ಅಣ್ಣನಿಗೆ ಕಳಿಸಿದೆ. ಕೆಳಗೆ ಒಂದೇ ಸಾಲು: ಅಟ್ಟದ ಏಣಿ ಎಲ್ಲಿತ್ತು?

ಮೂರು ದಿನ ಸುದ್ದಿಯಿಲ್ಲ. ನಾಲ್ಕನೆಯ ದಿನ ಠಾಣೆಯಲ್ಲಿ ಗಾಡಿ ಹತ್ತುವಾಗ ಫೋನು ಬಂತು. 'ಹೇಗಿದ್ದಿ' ಇಲ್ಲ, 'ಆರಾಮ' ಇಲ್ಲ.

"ಏಣಿ ನಡುಮನ್ಯಾಗಿತ್ತು, ಬಲಕ್ಕ. ಅದು ಇರ್ಲಿ. ನೀ ಕೊಟ್ಟಿಗಿಯಿಂದ ಅಟ್ಟಕ್ಕ ದಾರಿ ಬರದೀ. ಅದು ತಪ್ಪು."

"ಕಿಂಡಿ ಇತ್ತಲ್ಲೋ ಅಣ್ಣಾ, ಅಟ್ಟದಾಗ. ಕಣಕಿ ಒಗೀತಿದ್ದಿವಲ್ಲ ಕೆಳಗ?"

"ಕಿಂಡಿ ಇತ್ತು. ಅಟ್ಟದಿಂದ ಕಣಕಿ ಮ್ಯಾಲೆ ಜಿಗೀಲಿಕ್ಕೆ ಬರ್ತಿತ್ತು. ಕೊಟ್ಟಿಗಿಯಿಂದ ಮ್ಯಾಲೆ ಹತ್ತಲಿಕ್ಕೆ ಎಲ್ಲಿ ಬರ್ತಿತ್ತೋ? ನೀ ಒಮ್ಮೆ ಹತ್ತಲ್ಲಿಕ್ಕೆ ಹೋಗಿ ಬಿದ್ದು ಗದ್ದ ಒಡಕೊಂಡಿದ್ದಿ. ನಾ ಹೊತ್ಕೊಂಡು ದವಾಖಾನಿಗೆ ಓಡಿದ್ದೆ. ಮರ್ತೀ ಏನು?"

ಗದ್ದದ ಕಲೆ ಇನ್ನೂ ಇದೆ. ದಿನಾ ದಾಡಿ ಮಾಡುವಾಗ ನೋಡುತ್ತೇನೆ. ಅದು ಎಲ್ಲಿಂದ ಬಂತು ಎಂಬುದನ್ನು ಮಾತ್ರ ಮರೆತಿದ್ದೆ. ಆ ಗಾಡಿ ಹೋಯಿತು, ಅದರ ಹಿಂದಿನದೂ ಹೋಯಿತು. ಪ್ಲಾಟ್‌ಫಾರ್ಮಿನಲ್ಲೇ ನಿಂತು ಮಾತಾಡಿದೆವು. ಬಾವಿಯ ಗಡಗಡಿ ಯಾವ ಕಡೆ, ದೇವರ ಖೋಲಿಯ ಹೊಸ್ತಿಲು ಎಷ್ಟು ಎತ್ತರ, ಬಚ್ಚಲಿನ ಹಂಡೆ ಯಾರಿಗೆ ಹೋಯಿತು. (ಹಂಡೆಯ ವಿಷಯ ಬಂದಾಗ ಇಬ್ಬರೂ ಬೇಗ ಬಾವಿಗೆ ವಾಪಸು ಬಂದೆವು!)

ಮನೆಗೆ ಬಂದು 'ಜೋಡಿಸು' ಮೆಥಡ್ ತಿದ್ದಿದೆ. ಈಗ ಅದು ಬರುವ ದಾರಿಯನ್ನು ತಾನಾಗಿ ಬರೆಯುವುದಿಲ್ಲ. ಬೇಕೇ ಎಂದು ಕೇಳುತ್ತದೆ. ಅಟ್ಟದಿಂದ ಕೊಟ್ಟಿಗೆಗೆ ಒಂದು ಸಾಲು, ಕೊಟ್ಟಿಗೆಯಿಂದ ಅಟ್ಟಕ್ಕೆ ಇಲ್ಲ. ಕ್ರೌದರ್ ಬರುವ ದಾರಿಗೆ ಬೇರೆ ಸಾಲು ಇಟ್ಟದ್ದು ಸೋಮಾರಿತನದಿಂದಲ್ಲ. ಗವಿಯಲ್ಲಿ ಜಾರಿ ಇಳಿಯುವ ಜಾಗಗಳಿರುತ್ತವೆ, ಅಲ್ಲಿ ವಾಪಸು ಹತ್ತಲಾಗದು. ಇದ್ದದ್ದನ್ನು ಇದ್ದಂತೆ ಬರೆದಿದ್ದ. ತಾಳೆಯಾಗದ್ದು ಅವನ ಲೆಕ್ಕವಲ್ಲ, ನನ್ನದು.

ಸದ್ಯ ನಮ್ಮ ಮನೆಯಲ್ಲಿ ಹದಿನೇಳು ಖೋಲಿಗಳಾಗಿವೆ. ಹದಿನೆಂಟನೆಯದು ಹಿತ್ತಲಿನ ಆಚೆಯ ಹಗೇವು. ಅದರ ಬಾಯಿ ಎಲ್ಲಿತ್ತು ಎಂಬುದರಲ್ಲಿ ನನಗೂ ಅಣ್ಣನಿಗೂ ಭಿನ್ನಾಭಿಪ್ರಾಯವಿದೆ. ಭಾನುವಾರ ಮತ್ತೆ ಫೋನು ಮಾಡುತ್ತೇನೆ ಎಂದಿದ್ದಾನೆ.

ನಿಮ್ಮ ಊರಿನ ಮನೆಯಲ್ಲಿ ಪಡಸಾಲೆಯಿಂದ ಉತ್ತರಕ್ಕೆ ಹೋದರೆ ಯಾವ ಖೋಲಿ ಬರುತ್ತಿತ್ತು? ಪೈಥಾನ್ ಬೇಕೆಂದಿಲ್ಲ, ಒಂದು ಹಾಳೆ ಸಾಕು. ನೆನಪಾಗದ ಕಡೆ ಕೇಳಲು ಯಾರಾದರೂ ಇದ್ದರೆ, ಇವತ್ತೇ ಕೇಳಿಬಿಡಿ.